ನಾಯಿಯ ಕಣ್ಣಿನ ಹುಣ್ಣು ಗುಣವಾಗದಿದ್ದರೆ...

ನನ್ನದು ಮಳೆ ನಂಬಿದ ಬೇಸಾಯ. ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವಾಗ ಸಿದ್ಧಕಟ್ಟೆಯ ಒಳಬದಿಗೆ ನಮ್ಮ ಗುಡ್ಡೆ. ಇನ್ನೂ ಮುಂದೆ ಹೋದರೆ ಬೆಳ್ತಂಗಡಿ ತಾಲೂಕು. ಎರಡೆಕರೆ ಗೇರು, ಮಳೆಗಾಲದಲ್ಲಿ ಬೆಟ್ಟುಗದ್ದೆಗೆ ಭತ್ತ, ಅದು ಕೊಯ್ದ ಮೇಲೆ ಹುರುಳಿ. ನೀರಿಲ್ಲದ ಜಾಗವಾದರೂ ಕಾವಲಿಲ್ಲದೆ ಆಗುವುದಿಲ್ಲ. ಮಂಗ, ಹಂದಿ, ನವಿಲು ಎಲ್ಲ ಬರ್ತವೆ. ಇವನ್ನು ಓಡಿಸುವುದು ನಮ್ಮ ಕರಿಯ, ಎಂಟು ವರ್ಷದ ಊರುನಾಯಿ.

2023ರ ಜನವರಿಯಲ್ಲಿ ಮುಳಿಹುಲ್ಲು ಕೊಯ್ಯುತ್ತಿದ್ದೆವು. ಒಂದು ಸಂಜೆ ಕರಿಯ ಎಡಗಣ್ಣು ಮುಚ್ಚಿಕೊಂಡೇ ಮನೆಗೆ ಬಂತು. ಕಣ್ಣಿಂದ ನೀರು ಸುರೀತಾ ಇತ್ತು. ಬಿಡಿಸಿ ನೋಡಿದರೆ ಕರಿಗುಡ್ಡೆಯ ಮೇಲೆ ಮಂಜು ಹಿಡಿದಂತೆ ಒಂದು ಚುಕ್ಕೆ. ಮುಳಿಯ ಮೊನೆ ತಾಗಿರಬೇಕು ಅಂತ ಲೆಕ್ಕ ಹಾಕಿದೆ.

ನಾನು ಮಾಡಿದ ತಪ್ಪು

ನಮ್ಮ ಹಿರಿಯರು ದನದ ಕಣ್ಣಿಗೆ ಉಪ್ಪು ಜಗಿದು ಉಗುಳುತ್ತಿದ್ದರು, ತುಂಬೆಯ ರಸ ಹಿಂಡುತ್ತಿದ್ದರು. ನಾನು ಅಷ್ಟು ಹಿಂದಿನವನಲ್ಲ ಅಂತ ನನಗೊಂದು ಜಂಬ. ಮನೆಯವಳಿಗೆ ಕಣ್ಣಿನ ಪೊರೆಯ ಆಪರೇಷನ್ ಆದಾಗ ಉಳಿದ ಡ್ರಾಪ್ಸ್ ಇತ್ತು, ಅದನ್ನೇ ಬಿಟ್ಟೆ. ಎರಡು ದಿನದಲ್ಲಿ ಕೆಂಪು ಇಳಿಯಿತು. ಗೆದ್ದೆ ಅಂದುಕೊಂಡೆ.

ಹತ್ತು ದಿನವಾದರೂ ಚುಕ್ಕೆ ಹಾಗೇ. ನಾಯಿ ಬಿಸಿಲಿಗೆ ತಲೆ ಹಾಕಲಿಲ್ಲ. ಅಷ್ಟರಲ್ಲಿ ಮಂಗಗಳಿಗೆ ಸುದ್ದಿ ಮುಟ್ಟಿತ್ತು. ಕೊಯ್ಲಿಗೆ ಬಂದ ಹುರುಳಿಯಲ್ಲಿ ಅರ್ಧ ಅವುಗಳ ಪಾಲಾಯ್ತು. ಕಡೆಗೆ ಆಟೋದಲ್ಲಿ ಹಾಕಿಕೊಂಡು ಮೂಡುಬಿದಿರೆಯ ಪಶುವೈದ್ಯರೊಬ್ಬರಲ್ಲಿಗೆ ಹೋದೆ.

ಅವರು ಮೊದಲು ಕೇಳಿದ್ದು ಬಾಟಲಿ. ಓದಿ ನೋಡಿ, "ಇದರಲ್ಲಿ ಸ್ಟೀರಾಯ್ಡ್ ಉಂಟು. ಹುಣ್ಣಿರುವ ಕಣ್ಣಿಗೆ ಇದು ವಿಷದ ಹಾಗೆ" ಅಂದರು. ಸ್ಟೀರಾಯ್ಡ್ ಕೆಂಪು ಇಳಿಸುತ್ತದೆ, ನೋಡುವವರಿಗೆ ಗುಣವಾದಂತೆ ಕಾಣುತ್ತದೆ. ಆದರೆ ಹೊಸ ಚರ್ಮ ಬೆಳೆಯುವುದನ್ನು ತಡೆಯುತ್ತದೆ, ರೋಗಾಣುಗಳಿಗೆ ದಾರಿ ಮಾಡಿಕೊಡುತ್ತದೆ. ಕಣ್ಣೇ ಒಡೆದುಹೋಗುವುದೂ ಉಂಟಂತೆ. ಕೇಳಿ ನನಗೆ ನಡುಕ ಬಂತು.

ಹುಣ್ಣು ಯಾಕೆ ಕೂಡಲಿಲ್ಲ?

ಕರಿಗುಡ್ಡೆಯ ಮುಂದಿನ ಗಾಜಿನಂಥ ಪದರಕ್ಕೆ ಕಾರ್ನಿಯಾ ಅಂತಾರೆ. ನಾಯಿಯಲ್ಲಿ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಮೇಲುಮೇಲಿನ ಗೀರು ಸಾಮಾನ್ಯವಾಗಿ ಒಂದು ವಾರದೊಳಗೆ ಕೂಡಿಬಿಡುತ್ತದೆ. ಕೂಡದಿದ್ದರೆ ಏನೋ ಅಡ್ಡಿ ಇದೆ ಅಂತಲೇ ಅರ್ಥ.

ವೈದ್ಯರು ಆ ಅಡ್ಡಿಯನ್ನು ಒಂದೊಂದಾಗಿ ಹುಡುಕಿದರು. ಮೂಗಿನ ಬದಿಯಲ್ಲಿ ನಾಯಿಗೆ ಮೂರನೆಯ ರೆಪ್ಪೆ ಇರುತ್ತದೆ. ಅದರ ಹಿಂದೆ ಹುಲ್ಲಿನ ಮೊನೆ ಸಿಕ್ಕಿದೆಯೋ ಅಂತ ನೋಡಿದರು. ಇರಲಿಲ್ಲ, ನನ್ನ ಲೆಕ್ಕ ತಪ್ಪಿತ್ತು. ಒಳಮುಖವಾಗಿ ಬೆಳೆದ ಕೂದಲಿಲ್ಲ. ಕಾಗದದ ಪಟ್ಟಿ ಇಟ್ಟು ಕಣ್ಣೀರು ಅಳೆದರು, ಅದೂ ಸರಿ ಇತ್ತು. ಆಮೇಲೆ ಫ್ಲೋರೆಸೀನ್ ಎಂಬ ಕಿತ್ತಳೆ ಬಣ್ಣ ಹಾಕಿ ನೀಲಿ ಬೆಳಕು ಬಿಟ್ಟರು. ಹುಣ್ಣು ಹಸಿರಾಗಿ ಹೊಳೆಯಿತು. ಬಣ್ಣ ಹುಣ್ಣಿನ ಅಂಚಿನ ಅಡಿಗೂ ನುಗ್ಗಿತ್ತು.

ಅದೇ ಗುಟ್ಟು. ಹೊಸ ಚರ್ಮ ಬೆಳೆದಿತ್ತು, ಆದರೆ ಅಡಿಗೆ ಅಂಟಿರಲಿಲ್ಲ. ಸಾರಣೆ ಗೋಡೆಗೆ ಹಿಡಿಯದೆ ಸಿಪ್ಪೆ ಎದ್ದ ಹಾಗೆ. ನಡು ವಯಸ್ಸು ದಾಟಿದ ನಾಯಿಗಳಲ್ಲಿ ಇದು ಹೆಚ್ಚು. ಬಾಕ್ಸರ್ ಜಾತಿಯಲ್ಲಿ ಬಹಳ, ಆದರೆ ಯಾವ ನಾಯಿಗೂ ಬರಬಹುದು. ಇಂಥದ್ದಕ್ಕೆ ಬರೀ ಡ್ರಾಪ್ಸ್ ಸಾಲದು.

ಚಿಕಿತ್ಸೆ

ಕಣ್ಣು ಮರಗಟ್ಟಿಸುವ ಮದ್ದು ಬಿಟ್ಟು, ಒಣ ಹತ್ತಿಕಡ್ಡಿಯಿಂದ ಸಡಿಲ ಚರ್ಮವನ್ನು ಉಜ್ಜಿ ತೆಗೆದರು. ಹಾಲಿನ ಕೆನೆ ಸರಿದಂತೆ ಬಂತು. ಹುಣ್ಣು ಮೊದಲಿಗಿಂತ ದೊಡ್ಡದಾಗಿ ಕಂಡಾಗ ನನಗೆ ಹೆದರಿಕೆ ಆಯ್ತು. ಸಡಿಲವಾದದ್ದು ಹೋಗದೆ ಗಟ್ಟಿಯಾದದ್ದು ಕೂರುವುದಿಲ್ಲವಂತೆ. ರೋಗಾಣುನಾಶಕ ಡ್ರಾಪ್ಸ್ ಮತ್ತು ನೋವಿಗೆ ಮದ್ದು ಕೊಟ್ಟರು.

ಎರಡು ವಾರ ಬಿಟ್ಟು ನೋಡಿದಾಗ ಇನ್ನೂ ಸ್ವಲ್ಪ ಉಳಿದಿತ್ತು. ಆಗ ಸಪೂರ ಸೂಜಿಯ ತುದಿಯಿಂದ ಚೌಕಳಿಯಂತೆ ಗೀರು ಎಳೆದರು. ಸಾರಣೆ ಹಿಡಿಯಲೆಂದು ನಾವು ಗೋಡೆಗೆ ಕಚ್ಚು ಹಾಕುವುದಿಲ್ಲವೇ, ಅದೇ ಲೆಕ್ಕ. ಮತ್ತೆರಡು ವಾರಕ್ಕೆ ಬಣ್ಣ ಹಿಡಿಯಲಿಲ್ಲ. ಹುಣ್ಣು ಕೂಡಿತ್ತು.

ಇದು ಮನೆಯಲ್ಲಿ ಮಾಡುವ ಕೆಲಸ ಖಂಡಿತ ಅಲ್ಲ. ಆಳವಾದ ಅಥವಾ ಕೀವಾದ ಹುಣ್ಣಿಗೆ ಗೀರು ಹಾಕಿದರೆ ಕಣ್ಣು ತೂತಾದೀತು. ಬೆಕ್ಕಿಗಂತೂ ಸೂಜಿಗೀರು ಸಲ್ಲದು.

ಹಾಳೆಯ ಕಾಲರು

ನಾಯಿ ಕಣ್ಣುಜ್ಜದಂತೆ ಕೊರಳಿಗೆ ಕೊಳವೆಯಂಥ ಕಾಲರು ಹಾಕಬೇಕು. ಅಂಗಡಿಯಲ್ಲಿ ಪ್ಲಾಸ್ಟಿಕಿನದು ಸಿಗುತ್ತದೆ. ನಾನು ನೆರೆಮನೆಯಿಂದ ಅಡಿಕೆ ಹಾಳೆ ತಂದು, ನೀರಲ್ಲಿ ನೆನೆಸಿ ಬಗ್ಗಿಸಿ ಹೊಲಿದೆ. ಕೊರಳಿಗೆ ತಾಗುವ ಅಂಚಿಗೆ ಹಳೇ ಬಟ್ಟೆ ಸುತ್ತಿದೆ. ಮೂಗಿನ ತುದಿಗಿಂತ ಸ್ವಲ್ಪ ಮುಂದೆ ಬರುವಷ್ಟು ಉದ್ದ ಬೇಕು. ಒಂದು ಹಾಳೆ ವಾರ ಬಂತು. ಊಟದ ಹೊತ್ತಿಗೆ ಮಾತ್ರ, ಎದುರಲ್ಲೇ ಕೂತು, ಬಿಚ್ಚುತ್ತಿದ್ದೆ.

ನೆನಪಿಡಬೇಕಾದ್ದು

ಕಣ್ಣು ಮುಚ್ಚಿಕೊಂಡ ನಾಯಿಗೆ ನೋವಿದೆ, ಮರುದಿನ ನೋಡೋಣ ಅನ್ನಬೇಡಿ. ಮನುಷ್ಯರಿಗೆ ತಂದು ಉಳಿದ ಡ್ರಾಪ್ಸ್ ಹಾಕಬೇಡಿ, ತೆರೆದು ತಿಂಗಳಾದದ್ದನ್ನು ಎಸೆಯಿರಿ. ಸೊಪ್ಪಿನ ರಸ, ಉಪ್ಪು, ಎಂಜಲು ಬೇಡವೇ ಬೇಡ. ಹುಣ್ಣಿನ ನಡುವೆ ಗುಳಿ ಬಿದ್ದರೆ, ಹಳದಿಯಾಗಿ ಲೋಳೆಯಂತೆ ಕರಗಲು ಸುರುವಾದರೆ ಅದೇ ದಿನ ವೈದ್ಯರಲ್ಲಿಗೆ ಓಡಿ. ಅಂಥದ್ದಕ್ಕೆ ನಾಯಿಯ ಸ್ವಂತ ರಕ್ತದ ತಿಳಿಯನ್ನೇ ಡ್ರಾಪ್ಸ್ ಮಾಡಿ ಹಾಕುವ ಕ್ರಮವೂ ಉಂಟು. ತೀರಾ ಕಷ್ಟದ್ದಾದರೆ ಶಿವಮೊಗ್ಗ, ಹಾಸನ, ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ.

ಒಂದು ವಾರದಲ್ಲಿ ಗುಣವಾಗದಿದ್ದರೆ ಮದ್ದು ಬದಲಿಸುವುದಲ್ಲ, ಕಾರಣ ಹುಡುಕಿಸಬೇಕು. ನಾನು ಕಲಿತದ್ದು ಇಷ್ಟೇ.

ಕರಿಯನ ಕಣ್ಣಲ್ಲಿ ಸಣ್ಣ ಬಿಳಿ ಕಲೆ ಉಳಿಯಿತು. ಆ ವರ್ಷದ ಗೇರುಬೀಜ ಹೆಕ್ಕುವ ಹೊತ್ತಿಗೆ ಅದು ಮತ್ತೆ ಗುಡ್ಡೆ ಹತ್ತಿತು. ಮಂಗಗಳಿಗೆ ಆ ಕಲೆ ಕಂಡ ಹಾಗಿಲ್ಲ!