ಅಪಮೃತ್ಯುವಿನ ವಿಚಾರಣೆ

ಊರ ಹೊರಗಿನ ಬಾವಿಯಲ್ಲಿ ಹೆಣವೊಂದು ತೇಲುತ್ತಿದೆಯೆಂಬ ಸುದ್ದಿ ಹಬ್ಬಿದೊಡನೆ ಜನ ನಾಲ್ಕು ದಿಕ್ಕಿನಿಂದಲೂ ಬಂದು ನೆರೆಯುತ್ತಾರೆ. ಕಾಲು ಜಾರಿ ಬಿದ್ದಿರಬೇಕೆಂದು ಒಬ್ಬರು, ಬಾಳಿಗೆ ಬೇಸತ್ತು ಹಾರಿಕೊಂಡಿರಬೇಕೆಂದು ಇನ್ನೊಬ್ಬರು, ಯಾರೋ ಹಿಂದಿನಿಂದ ನೂಕಿರಬೇಕೆಂದು ಮತ್ತೊಬ್ಬರು ಆಡಿಕೊಳ್ಳುತ್ತಾರೆ. ಸಂಜೆಯಾಗುವಷ್ಟರಲ್ಲಿ ಮೂರು ಕಥೆಗಳು ಮೂವತ್ತಾಗಿರುತ್ತವೆ. ನಡೆದುದನ್ನು ಬಲ್ಲವನು ಸತ್ತವನೊಬ್ಬನೇ, ಅವನು ಮಾತನಾಡಲಾರ. ಅವನ ಪರವಾಗಿ ಯಾರಾದರೂ ಕೇಳಿ ತಿಳಿಯದಿದ್ದರೆ ನಿಜಸಂಗತಿಯು ಅವನ ದೇಹದೊಡನೆಯೇ ಮಣ್ಣುಗೂಡುತ್ತದೆ, ಇಲ್ಲವೆ ಬೂದಿಯಾಗುತ್ತದೆ. ಆದುದರಿಂದಲೇ ಕಾರಣ ತಿಳಿಯದ ಸಾವು ಸಂಭವಿಸಿದಾಗ ಅಂತ್ಯಕ್ರಿಯೆಗೆ ಮುನ್ನ ವಿಚಾರಣೆ ನಡೆಯತಕ್ಕದ್ದೆಂದು ಅನೇಕ ದೇಶಗಳ ಕಾನೂನುಗಳು ವಿಧಿಸಿವೆ.

ಈ ಕೆಲಸಕ್ಕೆಂದೇ ಪ್ರತ್ಯೇಕ ಅಧಿಕಾರಿಯನ್ನು ನೇಮಿಸುವ ಪದ್ಧತಿ ಇಂಗ್ಲೆಂಡಿನದು. ಆ ಅಧಿಕಾರಿಗೆ ಕರೋನರ್ ಎಂದು ಹೆಸರು. 1194ರಲ್ಲಿ, ಒಂದನೆಯ ರಿಚರ್ಡನ ಆಳ್ವಿಕೆಯಲ್ಲಿ, ಪ್ರತಿಯೊಂದು ಕೌಂಟಿಯಲ್ಲಿಯೂ ಮೂವರು ನೈಟರನ್ನೂ ಒಬ್ಬ ಲಿಪಿಕಾರನನ್ನೂ ಆರಿಸಿ, ಕಿರೀಟಕ್ಕೆ ಸಂಬಂಧಪಟ್ಟ ವ್ಯಾಜ್ಯಗಳ ಲೆಕ್ಕವಿಡಲು ಅವರನ್ನು ನಿಯಮಿಸಬೇಕೆಂದು ಆಜ್ಞೆಯಾಯಿತು. ಕಿರೀಟ ಎಂಬರ್ಥದ ಲ್ಯಾಟಿನ್ ಪದದಿಂದಲೇ ಕರೋನರ್ ಎಂಬ ಮಾತು ಹುಟ್ಟಿತು. ಧರ್ಮಯುದ್ಧದಿಂದ ಹಿಂದಿರುಗುವಾಗ ಸೆರೆಸಿಕ್ಕಿದ ರಾಜನನ್ನು ಬಿಡಿಸಿ ತರಲು ನಾಡೆಲ್ಲ ಭಾರಿ ಹಣವನ್ನು ತೆತ್ತು ಬೊಕ್ಕಸ ಬರಿದಾಗಿದ್ದ ಕಾಲವದು. ಆದಕಾರಣ, ಸತ್ತವರ ಮೇಲಿನ ಕರುಣೆಯಿಂದ ಈ ಹುದ್ದೆ ಹುಟ್ಟಿತೆಂದು ಯಾರೂ ಭಾವಿಸಬೇಕಾಗಿಲ್ಲ. ರಾಜನಿಗೆ ಸಲ್ಲಬೇಕಾದ ಹಣ ಸೋರಿಹೋಗದಂತೆ ನೋಡಿಕೊಳ್ಳುವುದೇ ಅದರ ಮುಖ್ಯ ಉದ್ದೇಶವಾಗಿದ್ದಿತು.

ಸಾವಿಗೂ ಬೊಕ್ಕಸಕ್ಕೂ ಏನು ಸಂಬಂಧವೆಂದು ಆಶ್ಚರ್ಯವಾಗಬಹುದು. ಕೊಲೆಗಾರನ ಸೊತ್ತು ರಾಜನಿಗೆ ಸೇರುತ್ತಿತ್ತು. ಆತ್ಮಹತ್ಯೆ ಮಾಡಿಕೊಂಡವನ ಸೊತ್ತೂ ಸೇರುತ್ತಿತ್ತು. 1066ರಲ್ಲಿ ನಾರ್ಮನ್ನರು ದೇಶವನ್ನು ಗೆದ್ದ ಮೇಲೆ ಇನ್ನೊಂದು ವಿಚಿತ್ರ ನಿಯಮವೂ ಬಂದಿತ್ತು. ಕೊಲೆಗೀಡಾದವನು ಇಂಗ್ಲಿಷರವನೇ ಎಂದು ಊರಿನವರು ರುಜುವಾತುಪಡಿಸದಿದ್ದರೆ ಅವನನ್ನು ನಾರ್ಮನ್ನನೆಂದೇ ಎಣಿಸಿ, ಆ ಪ್ರದೇಶದ ಜನರ ಮೇಲೆಲ್ಲ ದಂಡ ಹೇರುತ್ತಿದ್ದರು. 1340ರವರೆಗೂ ಈ ಕಟ್ಟಳೆ ಉಳಿದಿತ್ತು. ಸಾವಿಗೆ ಕಾರಣವಾದ ವಸ್ತುವನ್ನೂ ಕಾನೂನು ಬಿಡುತ್ತಿರಲಿಲ್ಲ. ಹಾಯ್ದ ಎತ್ತು, ಹರಿದ ಗಾಡಿ, ಮೈಮೇಲೆ ಬಿದ್ದ ಮರ ಇವುಗಳ ಬೆಲೆಯನ್ನು ಕರೋನರನ ಜ್ಯೂರಿ ನಿಗದಿಮಾಡುತ್ತಿತ್ತು. ಅಷ್ಟು ಹಣ ರಾಜನಿಗೆ ಸಲ್ಲುತ್ತಿತ್ತು. ರೈಲುಗಳು ಬಂದ ಕಾಲಕ್ಕೆ ಈ ಮುದಿ ನಿಯಮಕ್ಕೆ ಹೊಸ ಹಲ್ಲು ಮೂಡಿದಂತಾಯಿತು. 1841ರ ಡಿಸೆಂಬರ್ 24ರಂದು ಸೋನಿಂಗ್ ಎಂಬಲ್ಲಿ ಹಳಿಯ ಮೇಲೆ ಕುಸಿದಿದ್ದ ಮಣ್ಣಿಗೆ ರೈಲು ಢಿಕ್ಕಿಹೊಡೆದು, ತೆರೆದ ಬಂಡಿಗಳಲ್ಲಿ ಕುಳಿತಿದ್ದ ಬಡ ಪ್ರಯಾಣಿಕರು ಹಲವರು ಸತ್ತಾಗ, ಜ್ಯೂರಿಯು ಎಂಜಿನ್ನು ಬಂಡಿಗಳ ಮೇಲೆ ಒಂದು ಸಾವಿರ ಪೌಂಡು ಬೆಲೆ ಕಟ್ಟಿತು. ಐದು ವರ್ಷಗಳಲ್ಲಿ, ಎಂದರೆ 1846ರಲ್ಲಿ, ಪಾರ್ಲಿಮೆಂಟು ಈ ನಿಯಮವನ್ನು ರದ್ದುಪಡಿಸಿತು. ಆದರೆ ಅದೇ ವರ್ಷ ಇನ್ನೊಂದು ಕಾಯಿದೆಯನ್ನು ಮಾಡಿ, ಅನ್ಯರ ತಪ್ಪಿನಿಂದ ಸತ್ತವನ ಹೆಂಡತಿ ಮಕ್ಕಳು ಪರಿಹಾರ ಕೇಳಬಹುದೆಂದಿತು. ಅದುವರೆಗೆ ರಾಜನಿಗೆ ಹೋಗುತ್ತಿದ್ದ ಹಣದ ದಾರಿ ಹೀಗೆ ಸತ್ತವನ ಮನೆಯ ಕಡೆಗೆ ತಿರುಗಿತು.

ಬೊಕ್ಕಸದ ಚಿಂತೆ ಹಿಂದಾದಂತೆ ಕರೋನರನ ಮುಂದೆ ಉಳಿದದ್ದು ಸರಳವಾದ ಪ್ರಶ್ನೆಗಳು: ಸತ್ತವರು ಯಾರು? ಯಾವಾಗ ಸತ್ತರು? ಎಲ್ಲಿ ಸತ್ತರು? ಹೇಗೆ ಸತ್ತರು? ಇಂಗ್ಲೆಂಡು ಮತ್ತು ವೇಲ್ಸ್‌ಗಳಲ್ಲಿ ಈಗ ಜಾರಿಯಲ್ಲಿರುವುದು 2009ರ ಕಾಯಿದೆ. ಹಿಂಸೆಯಿಂದಲೋ ಅಸಹಜವಾಗಿಯೋ ಆದ ಸಾವು, ಕಾರಣ ತಿಳಿಯದ ಸಾವು, ಸರ್ಕಾರದ ಬಂಧನದಲ್ಲಿ ಸಂಭವಿಸಿದ ಸಾವು, ಇವುಗಳನ್ನು ಕರೋನರ್ ತನಿಖೆ ಮಾಡಬೇಕು. ಆದರೆ ಇಂಥವನೇ ಅಪರಾಧಿಯೆಂದು ಹೆಸರಿಸಿ ತೀರ್ಮಾನವನ್ನು ಬರೆಯುವಂತಿಲ್ಲ. ಅಪರಾಧವನ್ನು ನಿರ್ಣಯಿಸುವುದು ಬೇರೊಂದು ನ್ಯಾಯಾಲಯದ ಕೆಲಸ. ಅಲ್ಲಿ ಆರೋಪಿಗೆ ತನ್ನ ಪರವಾಗಿ ವಾದಿಸುವ ಅವಕಾಶವಿರುತ್ತದೆ. ಕರೋನರನ ವಿಚಾರಣೆಯಲ್ಲಿ ವಾದಿಯೂ ಇಲ್ಲ, ಪ್ರತಿವಾದಿಯೂ ಇಲ್ಲ. ಇಂಥ ಸಾವು ಮತ್ತೆ ಸಂಭವಿಸಬಹುದೆಂದು ಕಂಡುಬಂದರೆ, ಅದನ್ನು ತಡೆಯಬಲ್ಲವರಿಗೆ ಕರೋನರ್ ವರದಿ ಕಳುಹಿಸಬೇಕು. ಅವರು 56 ದಿನಗಳೊಳಗೆ ಉತ್ತರ ಕೊಡಬೇಕು.

‘ಹೇಗೆ ಸತ್ತರು’ ಎಂಬುದು ನೋಡುವುದಕ್ಕೆ ಸಣ್ಣ ಪ್ರಶ್ನೆ. ಅದಕ್ಕೆ ತಪ್ಪು ಉತ್ತರ ಬಂದರೆ ಏನಾಗುತ್ತದೆಂಬುದನ್ನು ಹಿಲ್ಸ್‌ಬರೋ ಪ್ರಕರಣ ತೋರಿಸುತ್ತದೆ. 1989ರ ಏಪ್ರಿಲ್ 15ರಂದು ಷೆಫೀಲ್ಡ್ ನಗರದ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ತಂಡದ ಫುಟ್‌ಬಾಲ್ ಪಂದ್ಯವಿದ್ದಿತು. ಹೊರಗಿನ ನೂಕುನುಗ್ಗಲನ್ನು ಕಡಿಮೆಮಾಡಲು ಪೊಲೀಸರು ಒಂದು ದೊಡ್ಡ ಬಾಗಿಲನ್ನು ತೆರೆಸಿದರು. ಒಳಬಂದ ಜನರೆಲ್ಲ ಮೊದಲೇ ತುಂಬಿಹೋಗಿದ್ದ, ಕಬ್ಬಿಣದ ಬೇಲಿಯಿಂದ ಸುತ್ತುವರಿದ ಅಂಕಣಗಳಿಗೆ ನುಗ್ಗಿದರು. ಮುಂದಿದ್ದವರು ಬೇಲಿಗೆ ಒತ್ತರಿಸಲ್ಪಟ್ಟು ಉಸಿರುಕಟ್ಟಿದರು. ಆ ಗಾಯಗಳಿಂದ ಒಟ್ಟು 97 ಮಂದಿ ಸತ್ತರು. ಅವರಲ್ಲಿ ಕೊನೆಯವನು ಪ್ರಾಣಬಿಟ್ಟದ್ದು 2021ರಲ್ಲಿ. ಸತ್ತವರಲ್ಲಿ ಬಹುಮಂದಿ ಎಳೆಯರು, ಶಾಲೆಗೆ ಹೋಗುವ ಹುಡುಗರೂ ಇದ್ದರು.

ಮೊದಲನೆಯ ವಿಚಾರಣೆಯಲ್ಲಿ ಕರೋನರ್ ಒಂದು ಗೆರೆಯೆಳೆದರು. ಮಧ್ಯಾಹ್ನ 3 ಗಂಟೆ 15 ನಿಮಿಷಕ್ಕೆಲ್ಲ ಎಲ್ಲರಿಗೂ ಮಾರಕವಾದ ಪೆಟ್ಟು ಬಿದ್ದಾಗಿತ್ತು. ಆ ಮೇಲೆ ನಡೆದುದನ್ನು ವಿಚಾರಿಸುವ ಅಗತ್ಯವಿಲ್ಲವೆಂದರು. ಗಾಯಾಳುಗಳಿಗೆ ತಕ್ಕ ಶುಶ್ರೂಷೆ ದೊರೆಯಿತೇ ಎಂಬ ಪ್ರಶ್ನೆ ಇದರಿಂದ ಬಾಗಿಲಾಚೆಯೇ ಉಳಿಯಿತು. 1991ರಲ್ಲಿ ಜ್ಯೂರಿಯು ‘ಆಕಸ್ಮಿಕ ಮರಣ’ ಎಂದು ಬರೆಯಿತು. ಕುಡಿದು ಬಂದ ಪ್ರೇಕ್ಷಕರೇ ದುರಂತಕ್ಕೆ ಕಾರಣರೆಂಬ ಮಾತೂ ಹಬ್ಬಿತ್ತು. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳು ಈ ಎರಡನ್ನೂ ಒಪ್ಪಲಿಲ್ಲ. ಅವರು ಹೋರಾಡುತ್ತಲೇ ಹೋದರು. 2012ರಲ್ಲಿ ಸ್ವತಂತ್ರ ಮಂಡಲಿಯೊಂದು ದಾಖಲೆಗಳನ್ನೆಲ್ಲ ಪರಿಶೀಲಿಸಿ, 3.15ರ ಗೆರೆ ಸರಿಯಲ್ಲವೆಂದಿತು. 41 ಮಂದಿ ಬದುಕಿ ಉಳಿಯುವ ಸಾಧ್ಯತೆಯಿದ್ದಿತೆಂದು ವರದಿ ಮಾಡಿತು. ಅದೇ ವರ್ಷ ಹೈಕೋರ್ಟು ಹಳೆಯ ತೀರ್ಪನ್ನು ರದ್ದುಮಾಡಿತು. 2014ರಲ್ಲಿ ಆರಂಭವಾದ ಹೊಸ ವಿಚಾರಣೆ ಎರಡು ವರ್ಷ ನಡೆಯಿತು. 2016ರ ಏಪ್ರಿಲ್ 26ರಂದು ಜ್ಯೂರಿಯು ಅಂದಿಗೆ ಲೆಕ್ಕಕ್ಕಿದ್ದ 96 ಮಂದಿಯೂ ಕಾನೂನುಬಾಹಿರವಾಗಿ ಹತರಾದವರೆಂದೂ, ಪ್ರೇಕ್ಷಕರ ನಡತೆ ಕಾರಣವಲ್ಲವೆಂದೂ ತೀರ್ಮಾನಿಸಿತು. ಇಪ್ಪತ್ತೇಳು ವರ್ಷಗಳ ಮೇಲೆ ಬಂದ ಈ ಮಾತನ್ನು ಕೇಳಲು ಎಷ್ಟೋ ತಾಯಂದಿರು ಉಳಿದಿರಲಿಲ್ಲ. ಆಮೇಲೆ ನಡೆದ ಕ್ರಿಮಿನಲ್ ಮೊಕದ್ದಮೆಯಲ್ಲಿ, ಅಂದು ಪೊಲೀಸರ ಮುಖ್ಯಸ್ಥರಾಗಿದ್ದವರನ್ನು 2019ರಲ್ಲಿ ನಿರ್ದೋಷಿಯೆಂದು ಬಿಡುಗಡೆ ಮಾಡಲಾಯಿತು. ಸಾವು ಹೇಗಾಯಿತೆಂಬುದು ಒಂದು ಪ್ರಶ್ನೆ, ಶಿಕ್ಷೆಗೆ ಅರ್ಹರು ಯಾರೆಂಬುದು ಇನ್ನೊಂದು. ಎರಡಕ್ಕೂ ಬೇಕಾಗುವ ಸಾಕ್ಷ್ಯದ ತೂಕ ಒಂದೇ ಅಲ್ಲ.

ಭಾರತಕ್ಕೆ ಕರೋನರ್ ಬಂದದ್ದು ಬ್ರಿಟಿಷರೊಡನೆ. 1871ರ ಕರೋನರ್ ಕಾಯಿದೆಯು ಪ್ರೆಸಿಡೆನ್ಸಿ ನಗರಗಳಿಗೆ ಮಾತ್ರ ಅನ್ವಯಿಸುತ್ತಿದ್ದಿತು. ಧಾರವಾಡ, ಬಿಜಾಪುರ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದರೂ ಕರೋನರನ ಅಧಿಕಾರ ಮುಂಬಯಿ ನಗರದ ಗಡಿಯನ್ನು ದಾಟುತ್ತಿರಲಿಲ್ಲ. ಆ ನಗರದಲ್ಲಿ 1999ರವರೆಗೂ ಈ ಹುದ್ದೆ ಉಳಿದಿದ್ದಿತು. ದೇಶದ ಉಳಿದೆಡೆಗಳಲ್ಲಿ ಈ ಹೊಣೆ ಪೊಲೀಸರದೂ ಮ್ಯಾಜಿಸ್ಟ್ರೇಟರದೂ ಆಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯ 174ನೆಯ ಪ್ರಕರಣದಲ್ಲಿದ್ದ ವಿಧಿಯು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ಪ್ರಕರಣವಾಗಿ ಮುಂದುವರಿದಿದೆ.

ಬಾವಿಯಲ್ಲಿ ಹೆಣವನ್ನು ಕಂಡವರು ಮೊದಲು ಮಾಡಬೇಕಾದುದೇನು? ಹಳ್ಳಿಯ ಅಧಿಕಾರಿ ಮಾತ್ರವಲ್ಲ, ಅಲ್ಲಿ ವಾಸಿಸುವ ಪ್ರತಿಯೊಬ್ಬನೂ ಇಂಥ ಸಾವನ್ನು ಹತ್ತಿರದ ಮ್ಯಾಜಿಸ್ಟ್ರೇಟರಿಗೋ ಪೊಲೀಸ್ ಠಾಣೆಗೋ ತಿಳಿಸಬೇಕೆಂದು ಕಾನೂನು ಹೇಳುತ್ತದೆ. ಠಾಣಾಧಿಕಾರಿಯು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ವರ್ತಮಾನ ಕೊಟ್ಟು, ಸ್ಥಳಕ್ಕೆ ಹೋಗಿ, ನೆರೆಹೊರೆಯ ಗೌರವಸ್ಥರು ಇಬ್ಬರು ಅಥವಾ ಹೆಚ್ಚು ಜನರ ಸಮಕ್ಷಮ ಶವವನ್ನು ಪರೀಕ್ಷಿಸಬೇಕು. ಗಾಯ, ಮೂಳೆಮುರಿತ, ಕಂದಿದ ಗುರುತು ಇವೆಲ್ಲವನ್ನೂ ಬರೆದು, ಮೇಲುನೋಟಕ್ಕೆ ಕಾಣುವ ಕಾರಣವನ್ನು ನಮೂದಿಸಬೇಕು. ಶವ ಪಂಚನಾಮೆಯೆಂದು ಜನ ಕರೆಯುವುದು ಇದನ್ನೇ. ಇದಕ್ಕೆ ಒಪ್ಪಿದ ಪಂಚರು ಸಹಿ ಹಾಕುತ್ತಾರೆ. ಏನು ಬರೆದಿದೆಯೆಂದು ಓದದೆಯೇ ಸಹಿ ಹಾಕುವ ಪಂಚರು ಇರುವುದುಂಟು. ಆಗ ಅವರ ಇರವು ಬರಿಯ ಶಾಸ್ತ್ರವಾಗುತ್ತದೆ. ವರದಿ 24 ಗಂಟೆಗಳೊಳಗೆ ಮೇಲಿನ ಮ್ಯಾಜಿಸ್ಟ್ರೇಟರನ್ನು ತಲುಪಬೇಕು. ಕಾರಣದ ಬಗ್ಗೆ ಸಂದೇಹವಿದ್ದರೆ ಮರಣೋತ್ತರ ಪರೀಕ್ಷೆಗಾಗಿ ಶವವನ್ನು ವೈದ್ಯರ ಬಳಿಗೆ ಕಳುಹಿಸುತ್ತಾರೆ. ಪಂಚನಾಮೆಯ ಉದ್ದೇಶ ಸಾವಿನ ಕಾರಣವನ್ನು ಗುರುತಿಸುವುದೇ ಹೊರತು ಹೊಡೆದವರು ಯಾರೆಂದು ನಿರ್ಣಯಿಸುವುದಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1975ರಲ್ಲಿ ಸ್ಪಷ್ಟಪಡಿಸಿದೆ.

ಕೆಲವು ಸಾವುಗಳಲ್ಲಿ ಪೊಲೀಸರ ತನಿಖೆಯೊಂದೇ ಸಾಲದೆಂದು ಕಾನೂನು ಭಾವಿಸಿದೆ. ಮದುವೆಯಾದ ಏಳು ವರ್ಷಗಳೊಳಗೆ ಹೆಣ್ಣುಮಗಳು ಆತ್ಮಹತ್ಯೆ ಮಾಡಿಕೊಂಡರೆ ಅಥವಾ ಶಂಕಾಸ್ಪದವಾಗಿ ಸತ್ತರೆ ಮ್ಯಾಜಿಸ್ಟ್ರೇಟರು ವಿಚಾರಣೆ ನಡೆಸಬೇಕು. ವರದಕ್ಷಿಣೆಯ ಸಾವುಗಳು ‘ಸ್ಟವ್ ಸಿಡಿಯಿತು’ ಎಂಬ ಒಂದು ಮಾತಿನಲ್ಲಿ ಮುಚ್ಚಿಹೋಗುತ್ತಿದ್ದುದನ್ನು ಕಂಡು 1983ರಲ್ಲಿ ಮಾಡಿದ ತಿದ್ದುಪಡಿಯಿದು. ಪೊಲೀಸರ ವಶದಲ್ಲಿದ್ದವನು ಸತ್ತರೆ ವಿಚಾರಣೆ ನಡೆಸುವವರು ನ್ಯಾಯಿಕ ಮ್ಯಾಜಿಸ್ಟ್ರೇಟರು. ಆರೋಪಕ್ಕೆ ಒಳಗಾಗಬಹುದಾದವರೇ ತನಿಖೆಯನ್ನೂ ಮಾಡಬಾರದಲ್ಲವೇ?

ಆಗಲೇ ಹೂಳಿಬಿಟ್ಟಿದ್ದರೆ, ಮ್ಯಾಜಿಸ್ಟ್ರೇಟರು ಶವವನ್ನು ಹೊರತೆಗೆಸಿ ಪರೀಕ್ಷೆ ಮಾಡಿಸಬಹುದು. ಮಣ್ಣು ಕೆಲವು ಗುರುತುಗಳನ್ನು ಬಹುಕಾಲ ಕಾಪಾಡುತ್ತದೆ. ಮುರಿದ ಮೂಳೆ, ಕೆಲವು ಬಗೆಯ ವಿಷ ಆಗಲೂ ಪತ್ತೆಯಾಗುತ್ತವೆ. ದಹನವಾದ ದೇಹದಲ್ಲಿ ಹುಡುಕಲು ಹೆಚ್ಚೇನೂ ಉಳಿಯುವುದಿಲ್ಲ. ಸಂದೇಹದ ಸಾವಾದ ಮನೆಗೆ ಬಂದ ಪೊಲೀಸರು, ನೆಂಟರಿಷ್ಟರು ಎಷ್ಟೇ ಅವಸರಪಡಿಸಿದರೂ, ಪಂಚನಾಮೆ ಮುಗಿಯುವವರೆಗೆ ಚಟ್ಟವನ್ನು ಮೇಲೆತ್ತಗೊಡದಿರುವುದು ಈ ಕಾರಣದಿಂದಲೇ.