ಲಾರಿಗೆ ಸಿಂಥೆಟಿಕ್ ಆಯಿಲ್: ಬೆಲೆಗೆ ತಕ್ಕ ಲಾಭವುಂಟೆ?

ಚಾಮರಾಜನಗರದ ಕ್ವಾರಿಗಳಿಂದ ಕರಿಕಲ್ಲಿನ ದಿಮ್ಮಿಗಳನ್ನು ಹೊರುವ ಲಾರಿಯಾಗಲಿ, ಗುಂಡ್ಲುಪೇಟೆಯಿಂದ ಕೇರಳಕ್ಕೆ ತರಕಾರಿ ಒಯ್ಯುವ ಲಾರಿಯಾಗಲಿ, ಕಾಲಕಾಲಕ್ಕೆ ಎಂಜಿನ್ ಆಯಿಲ್ ಬದಲಿಸಲೇಬೇಕು. ಅಂಗಡಿಯಲ್ಲಿ ಎರಡು ಬಗೆಯ ಡಬ್ಬಗಳಿರುತ್ತವೆ. ಒಂದು ಸಾಧಾರಣ ಖನಿಜ ತೈಲ; ಇನ್ನೊಂದು ಸಿಂಥೆಟಿಕ್, ಬೆಲೆ ಹೆಚ್ಚುಕಡಿಮೆ ಎರಡರಷ್ಟು. ಒಂದೇ ಲಾರಿಯ ದುಡಿಮೆಯಲ್ಲಿ ಸಾಲದ ಕಂತು ಕಟ್ಟಿ ಸಂಸಾರ ನಡೆಸುವವರಿಗೆ ಇದು ಸಣ್ಣ ಪ್ರಶ್ನೆಯಲ್ಲ. ಹೆಚ್ಚು ಕೊಟ್ಟ ಹಣ ಮರಳಿ ಬರುತ್ತದೆಯೆ?

ಮೊದಲು ಆಯಿಲಿನ ಕೆಲಸವೇನೆಂದು ನೋಡೋಣ. ಉಜ್ಜುವ ಭಾಗಗಳ ನಡುವೆ ತೆಳುಪದರವಾಗಿ ನಿಂತು ಸವೆತ ತಡೆಯುವುದು ಒಂದು. ಪಿಸ್ಟನ್ ಹಾಗೂ ಬೇರಿಂಗುಗಳ ಶಾಖವನ್ನು ಹೊತ್ತು ತರುವುದು, ಡೀಸೆಲ್ ಉರಿದು ಉಳಿದ ಮಸಿಯನ್ನು ಒಂದೆಡೆ ಕೂಡದಂತೆ ತೇಲಿಸಿಡುವುದು, ಹುಟ್ಟುವ ಆಮ್ಲವನ್ನು ಅಡಗಿಸುವುದು ಉಳಿದವು. ಮಸಿ ಮತ್ತು ಆಮ್ಲವನ್ನು ನಿಭಾಯಿಸುವ ಕೆಲಸ ಮುಖ್ಯವಾಗಿ ಆಯಿಲಿಗೆ ಬೆರೆಸಿದ ರಾಸಾಯನಿಕಗಳದು. ಅವು ಖರ್ಚಾದ ಮೇಲೆ ಆಯಿಲ್ ಸಿಂಥೆಟಿಕ್ ಆದರೂ ಬದಲಿಸಲೇಬೇಕು.

ಖನಿಜ ತೈಲವನ್ನು ಕಚ್ಚಾ ತೈಲದಿಂದ ಶುದ್ಧೀಕರಿಸಿ ತೆಗೆಯುತ್ತಾರೆ. ಅದರಲ್ಲಿ ಸಣ್ಣ, ದೊಡ್ಡ ಅಣುಗಳು ಬೆರೆತಿರುತ್ತವೆ. ಸಿಂಥೆಟಿಕ್‌ನಲ್ಲಿ ಅಣುಗಳನ್ನು ಕಾರ್ಖಾನೆಯಲ್ಲಿ ಕಟ್ಟಿರುತ್ತಾರೆ, ಇಲ್ಲವೆ ಬಹಳ ಮಟ್ಟಿಗೆ ಮಾರ್ಪಡಿಸಿರುತ್ತಾರೆ. ಆದ್ದರಿಂದ ಅದು ಚಳಿಯಲ್ಲಿ ಬೇಗ ಹರಿಯುತ್ತದೆ, ಶಾಖಕ್ಕೆ ಬೇಗ ಕೆಡುವುದಿಲ್ಲ.

ಚಳಿಯ ಗುಣದಿಂದ ನಮ್ಮಲ್ಲಿ ಪ್ರಯೋಜನ ಕಡಿಮೆ. ಲಾರಿಗಳಲ್ಲಿ ಬಹಳ ಬಳಕೆಯ 15ಡಬ್ಲ್ಯು-40 ಆಯಿಲನ್ನು ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲೂ ಎಂಜಿನ್ ತಿರುಗುವಂತಿರಬೇಕೆಂದು ಪರೀಕ್ಷಿಸುತ್ತಾರೆ. ಗುಂಡ್ಲುಪೇಟೆಯ ಮಾಗಿಯ ಮುಂಜಾವು ಅದರ ಹತ್ತಿರಕ್ಕೂ ಹೋಗುವುದಿಲ್ಲ. ಶಾಖದ ಗುಣ ಮಾತ್ರ ಬೇರೆ ಮಾತು. ಭಾರ ಹೊತ್ತು ಘಾಟಿ ಏರುವಾಗ ಟರ್ಬೊ ಕಡುಬಿಸಿಯಾಗುತ್ತದೆ. ಅಲ್ಲಿ ಸಿಂಥೆಟಿಕ್ ಹೆಚ್ಚು ಹೊತ್ತು ತಾಳಿಕೊಳ್ಳುತ್ತದೆ. ಆದರೆ ಏರು ಮುಗಿದೊಡನೆ ಎಂಜಿನ್ ಆರಿಸದೆ ಎರಡು ಮೂರು ನಿಮಿಷ ನಿಧಾನವಾಗಿ ಓಡಲು ಬಿಟ್ಟರೆ ಸಾಧಾರಣ ಆಯಿಲಿಗೂ ಅಪಾಯ ತಗ್ಗುತ್ತದೆ. ಇದಕ್ಕೆ ಹೆಚ್ಚಿನ ಖರ್ಚಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಕೆಳಗಿನ ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಊರಿನ ಬೆಲೆ ಹಾಕಿಕೊಳ್ಳಿ. ಎಂಜಿನ್ನಿಗೆ 16 ಲೀಟರ್ ಆಯಿಲ್ ಬೇಕು. ಖನಿಜ ತೈಲ ಲೀಟರಿಗೆ 300 ರೂಪಾಯಿ, ಸಿಂಥೆಟಿಕ್ 600. ಫಿಲ್ಟರ್ ಮತ್ತು ಕೂಲಿ ಪ್ರತಿ ಸಲ 1,200. ಖನಿಜ ತೈಲವನ್ನು 20,000 ಕಿ.ಮೀ.ಗೆ ಬದಲಿಸಿದರೆ 6,000 ರೂಪಾಯಿ, ಅಂದರೆ ಕಿ.ಮೀ.ಗೆ 30 ಪೈಸೆ. ಸಿಂಥೆಟಿಕ್ ಹಾಕಿ 40,000 ಕಿ.ಮೀ. ಓಡಿಸಿದರೆ 10,800 ರೂಪಾಯಿ, ಕಿ.ಮೀ.ಗೆ 27 ಪೈಸೆ. ಅದೇ ಸಿಂಥೆಟಿಕನ್ನು ಹಳೆಯ ಅಭ್ಯಾಸದಂತೆ 20,000ಕ್ಕೇ ಬದಲಿಸಿದರೆ 54 ಪೈಸೆ! ಬದಲಿಸುವ ಅವಧಿ ಹಿಗ್ಗಿದರೆ ಮಾತ್ರ ಲಾಭ. ಆ ಅವಧಿಯನ್ನು ಹೇಳಬೇಕಾದುದು ಎಂಜಿನ್ ತಯಾರಕರ ಕೈಪಿಡಿ, ಡಬ್ಬದ ಜಾಹೀರಾತಲ್ಲ.

ಡೀಸೆಲ್ ಉಳಿಯುತ್ತದೆಂಬ ಮಾತೂ ಇದೆ. ಲೀಟರಿಗೆ 4 ಕಿ.ಮೀ. ಓಡುವ ಲಾರಿಗೆ, ಡೀಸೆಲ್ 90 ರೂಪಾಯಿ ಎಂದಿಟ್ಟುಕೊಂಡರೆ, ಕಿ.ಮೀ.ಗೆ 22 ರೂಪಾಯಿ 50 ಪೈಸೆ ಖರ್ಚು. ನೂರಕ್ಕೆ ಒಂದು ಪಾಲು ಉಳಿದರೂ 22 ಪೈಸೆಯಾಯಿತು. ಆದರೆ ಈ ಉಳಿತಾಯ ಬರುವುದು ಆಯಿಲ್ ತೆಳುವಾಗಿರುವುದರಿಂದ, ಸಿಂಥೆಟಿಕ್ ಎಂಬ ಹೆಸರಿನಿಂದಲ್ಲ. ತಯಾರಕರು ಒಪ್ಪದ ಎಂಜಿನ್ನಿಗೆ ತೆಳು ಆಯಿಲ್ ಹಾಕಿದರೆ ಬೇರಿಂಗುಗಳಿಗೆ ಕುತ್ತು. ಟೈರಿನ ಗಾಳಿ ಕಡಿಮೆಯಿದ್ದರೆ ಅಥವಾ ಮಿತಿಮೀರಿ ಭಾರ ಹೇರಿದರೆ ಆ ಒಂದು ಪಾಲು ಎಲ್ಲಿ ಹೋಯಿತೆಂದೇ ತಿಳಿಯದು.

ನಮ್ಮ ಎರಡು ಬಗೆಯ ಲಾರಿಗಳಿಗೆ ಇದನ್ನು ಹೊಂದಿಸಿ ನೋಡೋಣ. ಗುಂಡ್ಲುಪೇಟೆಯಿಂದ ಕೋಝಿಕ್ಕೋಡಿಗೆ ಹೋಗುವ ಲಾರಿ ತಾಮರಶ್ಶೇರಿ ಘಾಟಿಯ 9 ಹಿಮ್ಮುರಿ ತಿರುವುಗಳನ್ನು ಇಳಿಯುವುದು ಭರ್ತಿ ಹೊರೆಯಲ್ಲಿ. ಮರಳುವಾಗ ಖಾಲಿಯಿದ್ದರೆ ಎಂಜಿನ್ನಿಗೆ ಅಷ್ಟೇನೂ ಕಷ್ಟವಿಲ್ಲ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗಿನ ಸಂಚಾರ ನಿಷೇಧ 2009ರಲ್ಲಿ ಬಂತು. ಗೇಟಿನ ಬಳಿ ಕಾಯುವಾಗ ಎಂಜಿನ್ ಆರಿಸಿರಬೇಕು. ನಿಂತಲ್ಲೇ ಓಡುವ ಎಂಜಿನ್ ಕಿಲೋಮೀಟರ್ ತೋರಿಸದೆ ಆಯಿಲ್ ಕೆಡಿಸುತ್ತದೆ.

ಕ್ವಾರಿಯ ಲಾರಿಯ ಕಥೆ ಬೇರೆ. ಓಡುವ ದೂರ ಕಡಿಮೆ, ಓಡುವ ಗಂಟೆ ಹೆಚ್ಚು, ಸುತ್ತ ಕಲ್ಲಿನ ಧೂಳು. ಏರ್ ಫಿಲ್ಟರ್ ಹರಿದಿದ್ದರೆ ಅಥವಾ ಅದರ ರಬ್ಬರ್ ಕೊಳವೆ ಸಡಿಲವಾಗಿದ್ದರೆ ಒಳಹೊಕ್ಕ ಧೂಳು ಸಿಲಿಂಡರನ್ನು ಅರದಂತೆ ಉಜ್ಜುತ್ತದೆ. ಎಷ್ಟು ದುಬಾರಿ ಆಯಿಲೂ ಇದನ್ನು ತಡೆಯಲಾರದು. ಇಂಥ ಲಾರಿಗೆ ಕೈಪಿಡಿ ಹೇಳಿದ ದರ್ಜೆಯ ಖನಿಜ ತೈಲವನ್ನು ಗಂಟೆಗಳ ಲೆಕ್ಕದಲ್ಲಿ ಬೇಗ ಬದಲಿಸಿ, ಉಳಿದ ಹಣವನ್ನು ಏರ್ ಫಿಲ್ಟರಿಗೆ ಹಾಕುವುದೇ ಜಾಣತನ. ಆಯಿಲ್ ಸೋರುವ ಅಥವಾ ಸುಡುವ ಹಳೆಯ ಎಂಜಿನ್ನಿಗೂ ಸಿಂಥೆಟಿಕ್ ದಂಡವೇ.

2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್-6 ನಿಯಮದ ಹೊಸ ಲಾರಿಗಳ ವಿಷಯದಲ್ಲಿ ಎಚ್ಚರ ಬೇಕು. ಇವುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಉಂಟು. ಮಸಿಯನ್ನು ಅದರಲ್ಲೇ ಸುಟ್ಟುಹಾಕಬಹುದು. ಆದರೆ ಆಯಿಲಿನ ಬೂದಿ ಸುಡದೆ ಅಲ್ಲೇ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಸಿಕೆ-4ರಂಥ, ತಯಾರಕರು ಸೂಚಿಸಿದ ಕಡಿಮೆ ಬೂದಿಯ ದರ್ಜೆಯನ್ನೇ ಹಾಕಬೇಕು. ದೂರದೂರಿಗೆ ಎಡೆಬಿಡದೆ ಓಡುವ, ಕೈಪಿಡಿಯಲ್ಲಿ ದೀರ್ಘ ಅವಧಿ ಕೊಟ್ಟಿರುವ ಇಂಥ ಲಾರಿಗಳಿಗೆ ಸಿಂಥೆಟಿಕ್ ತನ್ನ ಬೆಲೆಯನ್ನು ದುಡಿದು ಕೊಡುತ್ತದೆ.

ಒಟ್ಟಿನಲ್ಲಿ ಡಬ್ಬ ಕೊಳ್ಳುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ: ಕೈಪಿಡಿ ಹೇಳುವ ದರ್ಜೆ ಯಾವುದು? ಅವಧಿ ನಿಜಕ್ಕೂ ಹಿಗ್ಗುತ್ತದೆಯೆ? ನನ್ನ ಲಾರಿಯ ಶತ್ರು ಶಾಖವೋ, ಧೂಳೋ? ಇನ್ನೊಂದು ಮಾತು. ಬದಲಿಸಿದ ಹಳೆಯ ಆಯಿಲನ್ನು ನೆಲಕ್ಕೋ ಚರಂಡಿಗೋ ಸುರಿಯಬೇಡಿ. ಶುದ್ಧೀಕರಣಕ್ಕೆ ಒಯ್ಯುವ ಅಧಿಕೃತರಿಗೇ ಕೊಡಿ. ನಾವು ಕುಡಿಯುವ ಬಾವಿಯ ನೀರು ಅದೇ ನೆಲದ್ದು.