8×4 ಪ್ಲೈವುಡ್ ಶೀಟು, 10×12 ರೂಮು: ಕಟ್ ಮಾಡೋದು ಹೇಗೆ, ಬೆರಳು ಉಳಿಸಿಕೊಳ್ಳೋದು ಹೇಗೆ?

ಮೈಸೂರು: ಮಂಡಿ ಮೊಹಲ್ಲಾದ ಗಲ್ಲಿಗಳಲ್ಲಿ ಇನ್ಲೇ ಕೆಲಸದವರು ತಲೆಮಾರುಗಳಿಂದ ಇಕ್ಕಟ್ಟಾದ ಜಾಗದಲ್ಲೇ ಮರಗೆಲಸ ಮಾಡಿಕೊಂಡು ಬಂದಿದ್ದಾರೆ. ಆದರೆ ಅವರು ಕೊಯ್ಯೋದು ಅಂಗೈಯಲ್ಲಿ ಹಿಡಿಯುವಷ್ಟು ಚೂರು. ಕಾರ್ ಶೆಡ್ಡಿನಲ್ಲೋ ಟೆರೇಸ್ ಮೇಲೋ ವಾರ್ಡ್‌ರೋಬ್, ಅಂಗಡಿ ರ್ಯಾಕ್ ಮಾಡಿಕೊಳ್ಳೋರ ಕಷ್ಟವೇ ಬೇರೆ. ಪ್ಲೈವುಡ್ ಸಾಮಾನ್ಯವಾಗಿ ಬರೋದು 8×4 ಅಡಿಯಲ್ಲಿ. 18 ಎಂಎಂ ಶೀಟು ಸುಮಾರು 30ರಿಂದ 35 ಕೆಜಿ ತೂಗುತ್ತದೆ, ಎಂಡಿಎಫ್ ಆದರೆ 40 ಕೆಜಿ ಹತ್ತಿರ. ಒಬ್ಬರೇ ಎತ್ತಿ ತಿರುಗಿಸೋ ಮಾತಲ್ಲ.

ಟೇಬಲ್ ಸಾ ಮೇಲೆ ಇಡೀ ಶೀಟನ್ನು ಉದ್ದಕ್ಕೆ ತಳ್ಳಬೇಕಂದ್ರೆ ಬ್ಲೇಡಿನ ಈಚೆ 8 ಅಡಿ, ಆಚೆ 8 ಅಡಿ ಖಾಲಿ ಜಾಗ ಬೇಕು. 10×12 ರೂಮಲ್ಲಿ ಅದು ಆಗೋದಿಲ್ಲ. ಹಾಗಾಗಿ ಶೀಟು ನೆಲದ ಮೇಲೆ ಮಲಗಿರಲಿ, ಮಿಷಿನ್ ಓಡಾಡಲಿ.

ಶೀಟಿನ ಎರಡು ತುದಿಗೆ ಎರಡು ಸ್ಟೂಲ್ ಕೊಟ್ಟು ಮಧ್ಯೆ ಕಟ್ ಮಾಡೋದು ಬಹಳ ಜನ ಮಾಡುವ ತಪ್ಪು. ಕಟ್ ಅರ್ಧ ದಾಟುತ್ತಿದ್ದಂತೆ ಶೀಟು ಮಧ್ಯದಲ್ಲಿ ಕುಸಿಯುತ್ತದೆ, ಸೀಳು ಮುಚ್ಚಿಕೊಂಡು ಬ್ಲೇಡನ್ನು ಕಚ್ಚುತ್ತದೆ. ತಿರುಗುತ್ತಿರುವ ಮಿಷಿನ್ ಆಗ ನೆಗೆದು ಹಿಡಿದವರ ಕಡೆಗೇ ಬರುತ್ತದೆ. ಇದಕ್ಕೆ ಮದ್ದು ಅಂದ್ರೆ ನಾಲ್ಕು ರೀಪರ್. ಕಟ್ ಮಾಡುವ ಗೆರೆಯ ಆ ಕಡೆ ಎರಡು, ಈ ಕಡೆ ಎರಡು ಇಟ್ಟು ಅದರ ಮೇಲೆ ಶೀಟು ಮಲಗಿಸಬೇಕು. 2 ಇಂಚಿನ ಥರ್ಮಾಕೋಲ್ ಹಾಸಿದರೂ ಆಯ್ತು, ಬ್ಲೇಡ್ ಅದಕ್ಕೆ ತಾಗಿದರೂ ತೊಂದರೆಯಿಲ್ಲ. ಕಟ್ ಮುಗಿದ ಮೇಲೂ ಎರಡೂ ತುಂಡು ಇದ್ದಲ್ಲೇ ಇರಬೇಕು.

ಇನ್ನು ಮಾರ್ಬಲ್ ಕಟ್ಟರ್ ವಿಷಯ. ಕಡಿಮೆ ದುಡ್ಡಿಗೆ ಸಿಗುತ್ತೆ ಅಂತ 4 ಇಂಚಿನ ಮಾರ್ಬಲ್ ಕಟ್ಟರ್‌ಗೆ ಮರದ ಬ್ಲೇಡ್ ಹಾಕಿ ಪ್ಲೈವುಡ್ ಕೊಯ್ಯೋದು ನಮ್ಮಲ್ಲಿ ಮಾಮೂಲು. ಇದು ನಿಮಿಷಕ್ಕೆ 12 ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತೆ, 7 ಇಂಚಿನ ಸರ್ಕ್ಯುಲರ್ ಸಾ ತಿರುಗೋದು 5 ಸಾವಿರದ ಆಸುಪಾಸು. ಅದಕ್ಕಿಂತ ಮುಖ್ಯ, ಸರ್ಕ್ಯುಲರ್ ಸಾನಲ್ಲಿ ಮಿಷಿನ್ ಎತ್ತಿದ ತಕ್ಷಣ ಬ್ಲೇಡನ್ನು ಮುಚ್ಚುವ ಸ್ಪ್ರಿಂಗ್ ಗಾರ್ಡ್ ಇರುತ್ತೆ. ಮಾರ್ಬಲ್ ಕಟ್ಟರ್‌ನಲ್ಲಿ ಅದು ಇರೋದಿಲ್ಲ. ಕುಕ್ಕರುಗಾಲಲ್ಲಿ ಕೂತು, ಲುಂಗಿ ಉಟ್ಟು ಕೊಯ್ಯುವಾಗ ಆ ಬ್ಲೇಡಿಗೂ ತೊಡೆಗೂ ಎಷ್ಟು ದೂರ ಇರುತ್ತೆ ಅಂತ ಲೆಕ್ಕ ಹಾಕಿದರೆ ಸಾಕು. ಕೈಲಾದರೆ ಸರ್ಕ್ಯುಲರ್ ಸಾ ತಗೊಳ್ಳೋದೇ ಒಳ್ಳೇದು. ಅದರ ಗಾರ್ಡನ್ನು ತಂತಿಯಿಂದ ಕಟ್ಟಿ ಹಾಕೋರೂ ಇದ್ದಾರೆ, ಹಾಗೆ ಮಾಡಿದರೆ ತಗೊಂಡೂ ದಂಡ. ಕಟ್ಟರೇ ಗತಿ ಅನ್ನೋರು ಬ್ಲೇಡಿನ ಮೇಲೆ ಬರೆದಿರುವ ಆರ್‌ಪಿಎಂ ಮಿಷಿನ್ನಿನದ್ದಕ್ಕಿಂತ ಕಡಿಮೆ ಇಲ್ಲ ಅಂತ ನೋಡಿಕೊಳ್ಳಬೇಕು, ಬ್ಲೇಡಿನ ನೇರಕ್ಕೆ ಕೂರದೆ ಪಕ್ಕಕ್ಕೆ ಸರಿದು ಕೂರಬೇಕು. ಲಾಕ್ ಬಟನ್ ಒತ್ತಿ ಕೆಲಸ ಮಾಡುವಾಗ ಕರೆಂಟ್ ಹೋದರೆ ಮೊದಲು ಸ್ವಿಚ್ ಆಫ್ ಮಾಡಿ, ಇಲ್ಲದಿದ್ದರೆ ಕರೆಂಟ್ ಬಂದಾಗ ಮಿಷಿನ್ ತಾನೇ ಹೊರಡುತ್ತೆ.

ನೇರ ಬರೋದಕ್ಕೆ 8 ಅಡಿಯ ಅಲ್ಯೂಮಿನಿಯಂ ಸೆಕ್ಷನ್ ಒಂದನ್ನು ಎರಡು ಸಿ-ಕ್ಲ್ಯಾಂಪ್ ಹಾಕಿ ಬಿಗಿದು, ಅದಕ್ಕೆ ಒರಗಿಸಿ ಮಿಷಿನ್ ನಡೆಸಬೇಕು. ಬ್ಲೇಡ್ ಶೀಟಿನಿಂದ 5-6 ಎಂಎಂ ಮಾತ್ರ ಕೆಳಗಿಳಿದರೆ ಸಾಕು. ಸರ್ಕ್ಯುಲರ್ ಸಾ ಹಲ್ಲು ಕೆಳಗಿಂದ ಮೇಲಕ್ಕೆ ಕೊಯ್ಯೋದರಿಂದ ಮೇಲಿನ ಮುಖದ ಅಂಚು ಕೀಳುತ್ತೆ, ಆದ್ದರಿಂದ ಕಾಣುವ ಮುಖ ಕೆಳಗಿರಲಿ. ಕೈ ಗರಗಸಕ್ಕೆ ಇದು ಉಲ್ಟಾ.

ಬ್ಲೇಡ್ ತಿನ್ನುವ ಲೆಕ್ಕವನ್ನೂ ಮರೆಯಬಾರದು. 1220 ಎಂಎಂ ಅಗಲದಲ್ಲಿ 305ರ ನಾಲ್ಕು ಪಟ್ಟಿ ಬರುತ್ತೆ ಅಂತ ಕಾಗದದ ಮೇಲೆ ಅನ್ನಿಸುತ್ತೆ. ಒಂದೊಂದು ಕಟ್‌ಗೆ 3 ಎಂಎಂ ಹೋದರೆ ಕೊನೇ ಪಟ್ಟಿ 296ಕ್ಕೆ ನಿಲ್ಲುತ್ತೆ, ಡ್ರಾಯರ್ ಕೂರೋದಿಲ್ಲ.

ಎಂಡಿಎಫ್ ಧೂಳು ರೂಮಿನೊಳಗೆ ಬೇಡವೇ ಬೇಡ, ಕಟಿಂಗ್ ಹೊರಗಡೆ, ಮಾಸ್ಕ್ ಹಾಕಿಕೊಂಡೇ ಆಗಲಿ. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ.

ಇಷ್ಟೆಲ್ಲ ಯಾಕೆ ಅನ್ನೋರಿಗೆ ಇನ್ನೊಂದು ದಾರಿ ಇದೆ. ಪ್ಲೈವುಡ್ ಅಂಗಡಿಯಲ್ಲಿ ಕಟಿಂಗ್ ಇದ್ದರೆ ಅಳತೆ ಚೀಟಿ ಕೊಟ್ಟು ದೊಡ್ಡ ಕಟ್‌ಗಳನ್ನು ಅಲ್ಲೇ ಮಾಡಿಸಬಹುದು. ಪೂರ್ತಿ ಅಳತೆಗೆ ಬೇಡ, 10 ಎಂಎಂ ಹೆಚ್ಚು ಬಿಟ್ಟು ಕಟ್ ಮಾಡಿಸಿ ಮನೆಯಲ್ಲಿ ಗೆರೆಗೆ ತಂದುಕೊಂಡರಾಯ್ತು. 4×4 ತುಂಡುಗಳಾದರೆ ಲಗೇಜ್ ಆಟೋದಲ್ಲೂ ಆರಾಮಾಗಿ ಬರುತ್ತೆ, ಮೆಟ್ಟಿಲ ತಿರುವಿನಲ್ಲೂ ಸಿಕ್ಕಿಕೊಳ್ಳೋದಿಲ್ಲ.